ಗೇರ್ ಬೀಳದ ಕಾರು: ದೋಷವೆಲ್ಲಿ, ಪರಿಹಾರವೇನು?

ಕುಂದಾಪುರದಿಂದ ಬೈಂದೂರಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಮರವಂತೆಯನ್ನು ದಾಟಿದ ಮೇಲೆ ಸಿಗುವ ಊರು ನಾವುಂದ. ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ರಸ್ತೆ ಇರುವ ಮರವಂತೆಯ ನೋಟವನ್ನು ಕೊಲ್ಲೂರಿಗೆ ಹೋಗಿಬಂದ ನಮ್ಮ ಓದುಗರಲ್ಲಿ ಅನೇಕರು ಕಣ್ತುಂಬಿಕೊಂಡಿರುತ್ತಾರೆ. ಈ ಸೀಮೆಯ ಬಹಳಷ್ಟು ಕುಟುಂಬಗಳ ದುಡಿಮೆ ಮುಂಬಯಿ, ಬೆಂಗಳೂರುಗಳಲ್ಲಿ, ಮನೆ ಊರಿನಲ್ಲಿ. ಬೇಸಗೆಯ ರಜೆ ಮುಗಿದೊಡನೆ ಮನೆಗೆ ಬೀಗ ಬೀಳುತ್ತದೆ, ಕಾರು ಶೆಡ್ಡನ್ನು ಸೇರುತ್ತದೆ. ಆ ಮೇಲೆ ನಾಲ್ಕು ತಿಂಗಳು ಮಳೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆಯಾಗುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೇ ಸುರಿದುಬಿಡುತ್ತದೆ. ಚೌತಿಗೋ ನವರಾತ್ರಿಗೋ ಮನೆಯವರು ಊರಿಗೆ ಬಂದು, ಬ್ಯಾಟರಿಯ ತಂತಿ ಜೋಡಿಸಿ ಚಾವಿ ತಿರುಗಿಸಿದರೆ ಎಂಜಿನ್ನೇನೋ ಚಾಲೂ ಆಗುತ್ತದೆ. ಆದರೆ ಕ್ಲಚ್ ಒತ್ತಿ ಎಷ್ಟು ತಳ್ಳಿದರೂ ಗೇರ್ ಮಾತ್ರ ಬೀಳುವುದಿಲ್ಲ. "ಹ್ವಾಯ್, ಗೇರ್ ಬೀಳ್ತಿಲ್ಲೆ" ಎಂಬ ಕೂಗು ಅಂಗಳಕ್ಕೆ ಕೇಳಿಸುತ್ತದೆ.

ಅಲ್ಲಿಗೆ ನೆರೆಹೊರೆಯವರು ಸೇರುತ್ತಾರೆ. ಅವರಲ್ಲಿ ಒಬ್ಬರಾದರೂ "ಗೇರ್ ಬಾಕ್ಸ್ ಹೋಗಿದೆ" ಎಂದು ತೀರ್ಪು ಕೊಡುವುದುಂಟು. ಈ ಒಂದು ಮಾತು ಮನೆಯ ಯಜಮಾನನ ಎದೆಯೊಡೆಯಲು ಸಾಕು. ಕ್ಲಚ್ ಕೇಬಲ್ಲಿನ ಬೆಲೆ ನೂರುಗಳ ಲೆಕ್ಕದಲ್ಲಿ ಮುಗಿದರೆ, ಗೇರ್ ಬಾಕ್ಸಿನ ದುರಸ್ತಿ ಸಾವಿರಗಳನ್ನೂ ಹತ್ತಾರು ಸಾವಿರಗಳನ್ನೂ ನುಂಗಬಲ್ಲದು. ಆದುದರಿಂದ ಈ ತೀರ್ಪು ಸರಿಯೆ, ತಪ್ಪೆ ಎಂಬುದನ್ನು ಪರೀಕ್ಷಿಸದೆ ಒಪ್ಪಿಕೊಳ್ಳಬಾರದು. ಪರೀಕ್ಷೆಯಾದರೂ ಎಷ್ಟು ಸುಲಭವೆಂದರೆ, ಯಾವ ಸಲಕರಣೆಯೂ ಇಲ್ಲದೆ ಚಾಲಕನ ಆಸನದಲ್ಲಿ ಕುಳಿತೇ ಐದು ನಿಮಿಷದಲ್ಲಿ ಮಾಡಿ ಮುಗಿಸಬಹುದು. ಗೇರ್ ಬೀಳದ ಕಾರುಗಳಲ್ಲಿ ಬಹುಪಾಲಿನ ದೋಷ ಗೇರ್ ಬಾಕ್ಸಿನಲ್ಲಿ ಇರುವುದೇ ಇಲ್ಲ.

(ಕರಾವಳಿಯಲ್ಲಿ ಗೇರು ಎಂದರೆ ಗೋಡಂಬಿಯ ಮರವೆಂಬುದು ಬಯಲುಸೀಮೆಯ ಓದುಗರಿಗೆ ತಿಳಿದಿರಲಿ. ಗೇರು ಬಿದ್ದರೆ ಅಲ್ಲಿಯ ಮಕ್ಕಳಿಗೆ ಹಬ್ಬ. ಗೇರ್ ಬೀಳದಿದ್ದರೆ ದೊಡ್ಡವರಿಗೆ ಸಂಕಟ.)

ಕ್ಲಚ್ಚೆಂಬ ಮಧ್ಯಸ್ಥ

ದೋಷವನ್ನು ಹುಡುಕುವ ಮೊದಲು ಕೆಲಸ ನಡೆಯುವ ಬಗೆಯನ್ನು ತಿಳಿಯಬೇಕು. ಎಂಜಿನ್ ಚಾಲೂ ಇರುವವರೆಗೂ ತಿರುಗುತ್ತಲೇ ಇರುತ್ತದೆ. ಚಕ್ರಗಳಾದರೋ ಕೆಲವೊಮ್ಮೆ ನಿಲ್ಲಬೇಕು, ಕೆಲವೊಮ್ಮೆ ತಿರುಗಬೇಕು. ಇವೆರಡರ ನಡುವೆ ನಿಂತು ಸಂಬಂಧವನ್ನು ಕೂಡಿಸುವ, ಬಿಡಿಸುವ ಮಧ್ಯಸ್ಥನೇ ಕ್ಲಚ್ಚು.

ರೊಟ್ಟಿ ಬಡಿಯುವ ತಾಯಂದಿರಿಗೆ ಇದನ್ನು ವಿವರಿಸುವುದು ಸುಲಭ. ಎರಡು ಅಂಗೈಗಳ ನಡುವೆ ಒಂದು ರೊಟ್ಟಿಯನ್ನು ಹಿಡಿದಿರುವಿರೆಂದು ಭಾವಿಸಿ. ಅಂಗೈಗಳನ್ನು ಬಿಗಿಯಾಗಿ ಒತ್ತಿ ಕೈ ತಿರುಗಿಸಿದರೆ ರೊಟ್ಟಿಯೂ ಜೊತೆಗೆ ತಿರುಗುತ್ತದೆ. ಅಂಗೈ ಸಡಿಲಿಸಿದರೆ ಕೈ ತಿರುಗಿದರೂ ರೊಟ್ಟಿ ನಿಂತಲ್ಲೇ ನಿಲ್ಲುತ್ತದೆ. ಎಂಜಿನ್ನಿನ ಹಿಂದಿರುವ ಫ್ಲೈವೀಲ್ ಒಂದು ಅಂಗೈ, ಪ್ರೆಷರ್ ಪ್ಲೇಟ್ ಇನ್ನೊಂದು ಅಂಗೈ. ನಡುವಿನ ರೊಟ್ಟಿಯೇ ಕ್ಲಚ್ ಪ್ಲೇಟ್. ಈ ಪ್ಲೇಟು ಗೇರ್ ಬಾಕ್ಸಿನೊಳಕ್ಕೆ ಹೋಗುವ ದಂಡಕ್ಕೆ ಜೋಡಣೆಯಾಗಿರುತ್ತದೆ. ನಾವು ಪೆಡಲ್ ಒತ್ತಿದಾಗ ಕೇಬಲ್ಲಾಗಲಿ ಎಣ್ಣೆಯ ಒತ್ತಡವಾಗಲಿ ರಿಲೀಸ್ ಬೇರಿಂಗನ್ನು ಮುಂದಕ್ಕೆ ದೂಡುತ್ತದೆ. ಅದು ಪ್ರೆಷರ್ ಪ್ಲೇಟಿನ ಸ್ಪ್ರಿಂಗನ್ನು ಒತ್ತಿ ಅಂಗೈಗಳನ್ನು ಸಡಿಲಿಸುತ್ತದೆ. ಆಗ ದಂಡ ಎಂಜಿನ್ನಿನ ಹಿಡಿತದಿಂದ ಬಿಡುಗಡೆ ಹೊಂದುತ್ತದೆ.

ದಂಡ ಹೀಗೆ ಬಿಡುಗಡೆಯಾದರೆ ಮಾತ್ರ ಗೇರ್ ಬೀಳುತ್ತದೆ. ಗೇರ್ ಬಾಕ್ಸಿನೊಳಗಿನ ಹಲ್ಲುಗಳು ಒಂದನ್ನೊಂದು ಕೂಡಬೇಕಾದರೆ ಎರಡರ ವೇಗವೂ ಸರಿಸಮನಾಗಬೇಕು. ಆ ಸಮತೆಯನ್ನು ತರುವುದಕ್ಕೆಂದೇ ಒಳಗೆ ಹಿತ್ತಾಳೆ ಮುಂತಾದ ಲೋಹದ ಚಿಕ್ಕ ಉಂಗುರಗಳಿರುತ್ತವೆ. ಇವನ್ನು ಸಿಂಕ್ರೊ ರಿಂಗ್ ಎನ್ನುತ್ತಾರೆ. ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ 1928ರಲ್ಲಿ ಮೊದಲು ಬಂದ ಈ ವ್ಯವಸ್ಥೆ ಇಂದು ಎಲ್ಲ ಕಾರುಗಳಲ್ಲಿಯೂ ಇದೆ. ನಮ್ಮ ಹಳೆಯ ಅಂಬಾಸಡರಿನ ಮೊದಲನೆಯ ಗೇರಿಗೆ ಈ ಉಂಗುರವಿರಲಿಲ್ಲ. ಕಾರು ಪೂರ್ಣವಾಗಿ ನಿಲ್ಲುವ ಮೊದಲೇ ಒಂದನೆಯ ಗೇರಿಗೆ ಕೈ ಹಾಕಿದರೆ ಅದು ಕರಕರನೆ ಕೂಗಿ ಚಾಲಕನ ಅವಸರವನ್ನು ಬೀದಿಗೆಲ್ಲ ಸಾರುತ್ತಿತ್ತು. ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆದರೆ ಇಂದಿನ ಹೆಚ್ಚಿನ ಕಾರುಗಳಲ್ಲಿಯೂ ರಿವರ್ಸ್ ಗೇರಿಗೆ ಮಾತ್ರ ಉಂಗುರವಿಲ್ಲ. ಈ ಸಂಗತಿ ಮುಂದಿನ ಪರೀಕ್ಷೆಗೆ ಬಹಳ ಉಪಯುಕ್ತವಾಗಿದೆ.

ಮೊದಲು ಎಂಜಿನ್ ಬಂದ್ ಮಾಡಿ

ಸಮತಟ್ಟಾದ ಜಾಗದಲ್ಲಿ ಕಾರನ್ನು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಬಂದ್ ಮಾಡಬೇಕು. ಕ್ಲಚ್ಚನ್ನು ಪೂರ್ತಿ ಒತ್ತಿ ಒಂದೊಂದೇ ಗೇರನ್ನು ಹಾಕಿ ನೋಡಬೇಕು. ಒಂದು ಗೇರು ತಡೆದರೆ ಕೂಡಲೇ ಬಲಪ್ರಯೋಗ ಬೇಡ. ನಿಂತ ಕಾರಿನಲ್ಲಿ ಹಲ್ಲಿಗೆ ಹಲ್ಲು ಎದುರಾಗಿ ನಿಂತಿರುವುದೂ ಸಾಧ್ಯ. ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್ ಬ್ರೇಕ್ ಇಳಿಸಿ ಕಾರನ್ನು ಅರ್ಧ ಅಡಿ ದೂಡಿ ಮತ್ತೆ ಹಾಕಿದರೆ ಅದು ತಾನಾಗಿ ಕೂಡಿಕೊಳ್ಳುತ್ತದೆ.

ಎಂಜಿನ್ ಬಂದ್ ಆಗಿರುವಾಗ ಎಲ್ಲ ಗೇರುಗಳೂ ಸಲೀಸಾಗಿ ಬಿದ್ದು, ಚಾಲೂ ಮಾಡಿದೊಡನೆ ಒಂದೂ ಬೀಳುವುದಿಲ್ಲವೆಂದಾದರೆ ದೋಷ ಕ್ಲಚ್ಚಿನದು. ಪೆಡಲ್ ಒತ್ತಿದರೂ ಅದು ಬಿಡಿಸಿಕೊಳ್ಳುತ್ತಿಲ್ಲ. ಗೇರ್ ಬಾಕ್ಸ್ ನಿರಪರಾಧಿ. ಇದಕ್ಕೆ ವಿರುದ್ಧವಾಗಿ, ಎಂಜಿನ್ ಬಂದ್ ಆಗಿರುವಾಗಲೂ ಲಿವರ್ ಅಲುಗದಿದ್ದರೆ ದೋಷವನ್ನು ಗೇರ್ ಲಿವರಿನ ಜೋಡಣೆಯಲ್ಲಿ, ಅದಾದ ಮೇಲೆ ಗೇರ್ ಬಾಕ್ಸಿನೊಳಗೆ ಹುಡುಕಬೇಕು. ಮೂರನೆಯ ಸಂದರ್ಭವೊಂದುಂಟು. ಉಳಿದೆಲ್ಲ ಗೇರುಗಳು ಬಿದ್ದು, ಎರಡನೆಯದೋ ಮೂರನೆಯದೋ ಒಂದು ಮಾತ್ರ ಓಡುವಾಗ ಕರಕರ ಎನ್ನುತ್ತಿದ್ದರೆ ಆ ಗೇರಿನ ಸಿಂಕ್ರೊ ರಿಂಗ್ ಸವೆದಿರುವ ಸಂಭವವೇ ಹೆಚ್ಚು. ಕ್ಲಚ್ಚಿನ ದೋಷಕ್ಕೆ ಪಕ್ಷಪಾತವಿಲ್ಲ, ಅದು ಎಲ್ಲ ಗೇರುಗಳನ್ನೂ ಕಾಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ರಿವರ್ಸನ್ನು ಕಾಡುತ್ತದೆ.

ದೋಷ ಇನ್ನೂ ಆರಂಭದ ಹಂತದಲ್ಲಿರುವಾಗಲೇ ಪತ್ತೆಹಚ್ಚಲು ರಿವರ್ಸ್ ಗೇರೇ ಸಾಕ್ಷಿ. ಎಂಜಿನ್ ಚಾಲೂ ಮಾಡಿ, ಎಕ್ಸಲರೇಟರ್ ಮುಟ್ಟದೆ, ಕ್ಲಚ್ಚನ್ನು ಪೂರ್ತಿ ಒತ್ತಿ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಅಷ್ಟರಲ್ಲಿ ದಂಡ ತಿರುಗುವುದನ್ನು ನಿಲ್ಲಿಸಿರಬೇಕು. ಈಗ ರಿವರ್ಸಿಗೆ ಹಾಕಿ. ಮೌನವಾಗಿ ಬಿದ್ದರೆ ಕ್ಲಚ್ಚು ಆರೋಗ್ಯವಾಗಿದೆ. ಹತ್ತು ಎಣಿಸಿದ ಮೇಲೂ ಕರ್ರೆಂದರೆ ದಂಡ ಇನ್ನೂ ತಿರುಗುತ್ತಿದೆ, ಎಂದರೆ ಕ್ಲಚ್ಚು ಎಳೆಯುತ್ತಿದೆ ಎಂದರ್ಥ. ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿಕೊಂಡರೆ ಕಾರು ನಡುದಾರಿಯಲ್ಲಿ ಕೈಕೊಡುವ ಮೊದಲೇ ಸುಳಿವು ಸಿಗುತ್ತದೆ.

ಪೆಡಲಿನ ಆಸುಪಾಸಿನಲ್ಲಿ

ಕ್ಲಚ್ಚಿನ ದೋಷವೆಂದು ನಿಶ್ಚಯವಾದ ಮೇಲೂ ಗೇರ್ ಬಾಕ್ಸನ್ನು ಇಳಿಸುವ ಅವಸರ ಬೇಡ. ಮೊದಲು ಬಗ್ಗಿ ಪೆಡಲಿನ ಕೆಳಗೆ ನೋಡಿ. ಮಳೆಗಾಲದಲ್ಲಿ ಕೆಸರಿನ ಕಾಲಿಗೆಂದು ಹಾಸಿದ ರಬ್ಬರ್ ಮ್ಯಾಟಿನ ಮೇಲೆ ಮತ್ತೊಂದು ಮ್ಯಾಟು, ಅದರ ಮೇಲೆ ಹಳೆಯ ಪತ್ರಿಕೆ. ಇವೆಲ್ಲ ಮುದುಡಿ ಪೆಡಲಿನ ಅಡಿಗೆ ಸೇರಿಕೊಂಡರೆ ಪೆಡಲ್ ಪೂರ್ತಿ ಇಳಿಯುವುದಿಲ್ಲ, ಗೇರ್ ಬೀಳುವುದಿಲ್ಲ. ಇದನ್ನು ಓದಿ ನಗಬೇಡಿ. ಮ್ಯಾಟು ಸರಿಸುವ ಕೆಲಸಕ್ಕೆ ಗ್ಯಾರೇಜಿನವರೆಗೆ ಹೋಗಿಬಂದವರು ಇದ್ದಾರೆ.

ಮಾರುತಿ 800, ಓಮ್ನಿ, ಹಳೆಯ ಆಲ್ಟೊ ಮುಂತಾದ ಕಾರುಗಳಲ್ಲಿ ಪೆಡಲಿಗೂ ಕ್ಲಚ್ಚಿಗೂ ಉಕ್ಕಿನ ಕೇಬಲ್ಲೇ ಕೊಂಡಿ. 1983ರ ಡಿಸೆಂಬರಿನಲ್ಲಿ ಮೊದಲ ಗ್ರಾಹಕನ ಕೈಸೇರಿದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ಮುಗಿಯಿತಾದರೂ ಆ ಕಾರು ಇನ್ನೂ ಎಷ್ಟೋ ಮನೆಗಳ ಶೆಡ್ಡಿನಲ್ಲಿದೆ. ಕೇಬಲ್ ಕಾಲಕ್ರಮದಲ್ಲಿ ಹಿಗ್ಗುತ್ತದೆ. ಕರಾವಳಿಯ ಉಪ್ಪುಗಾಳಿಗೆ ಕವಚದೊಳಗೆ ತುಕ್ಕು ಹಿಡಿದು ಬಿಗಿಯುತ್ತದೆ. ತುದಿಯ ಎಳೆಗಳು ಒಂದೊಂದಾಗಿ ಕಡಿದು ಒಂದು ದಿನ ಪೂರ್ತಿ ತುಂಡಾಗುತ್ತದೆ. ತುಂಡಾದರೆ ಪೆಡಲ್ ಯಾವ ಪ್ರತಿರೋಧವೂ ಇಲ್ಲದೆ ನೆಲಕ್ಕೆ ಬೀಳುತ್ತದೆ, ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ಹಿಗ್ಗಿದಾಗ ಮಾತ್ರ ಸ್ವಲ್ಪ ಗಮನ ಬೇಕು. ಪೆಡಲನ್ನು ಕಾಲಿನಿಂದಲ್ಲ, ಕೈಯಿಂದ ಮೆಲ್ಲನೆ ಒತ್ತಿ ನೋಡಿ. ಭಾರ ತಗಲುವ ಮೊದಲು ಅದು ಎಷ್ಟು ದೂರ ಸುಮ್ಮನೆ ಇಳಿಯುತ್ತದೆಯೋ ಅದನ್ನು ಫ್ರೀ ಪ್ಲೇ ಎನ್ನುತ್ತಾರೆ. ಇಂಥ ಕಾರುಗಳಲ್ಲಿ ಅದು ಸಾಮಾನ್ಯವಾಗಿ 15ರಿಂದ 25 ಮಿಲಿಮೀಟರಿನಷ್ಟಿರುತ್ತದೆ; ತಮ್ಮ ಕಾರಿನ ಕೈಪಿಡಿಯಲ್ಲಿ ಹೇಳಿದ ಅಳತೆಯೇ ಪ್ರಮಾಣ. ಅದು ಮಿತಿಮೀರಿ ಹೆಚ್ಚಿದ್ದರೆ ಪೆಡಲಿನ ಪಯಣವೆಲ್ಲ ಸುಮ್ಮನೆ ಕಳೆದು ಕ್ಲಚ್ಚು ಬಿಡಿಸಿಕೊಳ್ಳುವುದಿಲ್ಲ. ಬೋನೆಟ್ಟಿನ ಕೆಳಗೆ, ಗೇರ್ ಬಾಕ್ಸಿನ ಬದಿಯಲ್ಲಿರುವ ಕೇಬಲ್ಲಿನ ತುದಿಯ ನಟ್ಟನ್ನು ಕೆಲವು ಸುತ್ತು ಬಿಗಿಮಾಡಿದರೆ ಕೆಲಸ ಮುಗಿಯಿತು. ಗೇರ್ ಸಲೀಸಾಗಿ ಬೀಳಲೆಂದು ಫ್ರೀ ಪ್ಲೇ ಇಲ್ಲದಂತೆ ಬಿಗಿಮಾಡುವುದು ಮಾತ್ರ ಕೂಡದು. ಆಗ ಕ್ಲಚ್ಚು ಸದಾ ಅರ್ಧ ಒತ್ತಿದಂತೆಯೇ ಇದ್ದು ಜಾರತೊಡಗಿ ಪ್ಲೇಟ್ ಸುಟ್ಟುಹೋಗುತ್ತದೆ.

ಈಚಿನ ಅನೇಕ ಕಾರುಗಳಲ್ಲಿ ಕೇಬಲ್ಲಿನ ಬದಲು ಎಣ್ಣೆಯ ಒತ್ತಡ ಕೆಲಸ ಮಾಡುತ್ತದೆ. ಪೆಡಲಿನ ಬಳಿ ಮಾಸ್ಟರ್ ಸಿಲಿಂಡರ್, ಗೇರ್ ಬಾಕ್ಸಿನ ಬಳಿ ಸ್ಲೇವ್ ಸಿಲಿಂಡರ್, ನಡುವೆ ಕೊಳವೆ. ಇಂಥ ಕಾರಿನಲ್ಲಿ ಗೇರ್ ಬೀಳದಿದ್ದರೆ ಪೆಡಲನ್ನು ನಾಲ್ಕೈದು ಬಾರಿ ಬೇಗಬೇಗನೆ ಒತ್ತಿ ಬಿಟ್ಟು ಮತ್ತೆ ಪ್ರಯತ್ನಿಸಿ. ಈಗ ಬಿದ್ದರೆ ಕೊಳವೆಯೊಳಗೆ ಗಾಳಿ ಸೇರಿದೆ, ಇಲ್ಲವೆ ಸಿಲಿಂಡರಿನ ರಬ್ಬರ್ ಸೀಲ್ ಸವೆದಿದೆ. ಮೆಕ್ಯಾನಿಕ್ಕುಗಳು ಬ್ರೇಕ್ ಆಯಿಲ್ ಎಂದು ಕರೆಯುವ ದ್ರವವೇ ಇಲ್ಲಿಯೂ ಬಳಕೆಯಾಗುತ್ತದೆ. ಅನೇಕ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಆದುದರಿಂದ ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ಅದು ಗೇರಿನ ಪ್ರಶ್ನೆ ಮಾತ್ರವಲ್ಲ, ಬ್ರೇಕಿನ ಪ್ರಶ್ನೆಯೂ ಹೌದು. ಸೋರಿಕೆ ಎಲ್ಲಿಯೆಂದು ತಿಳಿಯುವವರೆಗೆ ಕಾರನ್ನು ರಸ್ತೆಗೆ ತರಬಾರದು. ಡಬ್ಬಿಯ ಮೇಲೆ ಬರೆದಿರುವಂತೆ ಡಾಟ್ 3 ಅಥವಾ ಡಾಟ್ 4 ದ್ರವವನ್ನೇ ಹಾಕಬೇಕು. ಅದು ಸಿಗಲಿಲ್ಲವೆಂದು ಎಂಜಿನ್ ಆಯಿಲನ್ನೋ ಮನೆಯ ಎಣ್ಣೆಯನ್ನೋ ಹಾಕಿದರೆ ರಬ್ಬರ್ ಸೀಲುಗಳೆಲ್ಲ ಉಬ್ಬಿ ಬ್ರೇಕೂ ಕೈಬಿಡುತ್ತದೆ. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಕರಾವಳಿಯಲ್ಲಿ ತೇವಕ್ಕೇನು ಬರವೆ? ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯದು. ಸ್ಲೇವ್ ಸಿಲಿಂಡರನ್ನು ಗೇರ್ ಬಾಕ್ಸಿನ ಮೂತಿಯೊಳಗೇ ಅಡಗಿಸಿಟ್ಟ ಕಾರುಗಳೂ ಇವೆ. ಅಲ್ಲಿ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ. ಎಂಜಿನ್ನೂ ಗೇರ್ ಬಾಕ್ಸೂ ಕೂಡುವ ಜಾಗದ ಕೆಳಗೆ ನೆಲದ ಮೇಲೆ ಹನಿ ಕಂಡರೆ ಶಂಕಿಸಬೇಕು.

ಮಳೆಗಾಲ ಕಳೆದ ಕಾರು

ಈಗ ಮತ್ತೆ ನಾವುಂದದ ಶೆಡ್ಡಿಗೆ ಬರೋಣ. ಪೆಡಲಿನ ಭಾರ ಎಂದಿನಂತಿದೆ, ಕೇಬಲ್ ನೆಟ್ಟಗಿದೆ, ಡಬ್ಬಿಯಲ್ಲಿ ದ್ರವವೂ ಇದೆ. ಆದರೂ ಎಂಜಿನ್ ಚಾಲೂ ಇರುವಾಗ ಗೇರ್ ಬೀಳದು. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಹೀಗಾದರೆ ಕ್ಲಚ್ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೆ ಅಂಟಿಕೊಂಡಿದೆಯೆಂದೇ ತಿಳಿಯಬೇಕು. ಹಸಿ ಹಿಟ್ಟು ಅಂಗೈಗೆ ಅಂಟಿಕೊಂಡಂತೆ. ಅಂಗೈ ಸಡಿಲಿಸಿದರೂ ರೊಟ್ಟಿ ಬಿಡುವುದಿಲ್ಲ. ಫ್ಲೈವೀಲು, ಪ್ರೆಷರ್ ಪ್ಲೇಟುಗಳು ಎರಕದ ಕಬ್ಬಿಣದವು. ಕಾರು ನಿಂತಾಗ ಪೆಡಲ್ ಮೇಲಿರುತ್ತದೆ, ಪ್ಲೇಟು ಇವೆರಡರ ನಡುವೆ ಬಿಗಿಯಾಗಿ ಒತ್ತಿಕೊಂಡಿರುತ್ತದೆ. ಅದರ ಮೇಲೆ ತೇವಗಾಳಿ. ಕೊನೆಯ ದಿನ ನೀರು ನಿಂತ ರಸ್ತೆಯಲ್ಲಿ ಓಡಿಸಿ ಹಾಗೆಯೇ ಶೆಡ್ಡಿಗೆ ಸೇರಿಸಿದ್ದರಂತೂ ಮುಗಿದೇ ಹೋಯಿತು. ಮಲೆನಾಡಿನ ತೋಟದ ಮನೆಗಳ ಕಾರುಗಳಿಗೂ ಇದೇ ಕಾಯಿಲೆ ತಗಲುವುದುಂಟು.

ಖಚಿತಪಡಿಸಿಕೊಳ್ಳಲು ಎಂಜಿನ್ ಬಂದ್ ಮಾಡಿ, ನ್ಯೂಟ್ರಲ್ಲಿನಲ್ಲಿ ಕಾರನ್ನು ದೂಡಿ ನೋಡಿ. ಸುಲಭವಾಗಿ ಉರುಳಬೇಕು. ಉರುಳದಿದ್ದರೆ ಹಿಂದಿನ ಚಕ್ರದ ಬ್ರೇಕ್ ಶೂಗಳೂ ಅಂಟಿಕೊಂಡಿವೆ, ಅದು ಬೇರೆಯ ಕೆಲಸ. ಉರುಳಿದರೆ, ಒಬ್ಬರು ಒಳಗೆ ಕುಳಿತು ಒಂದನೆಯ ಗೇರ್ ಹಾಕಿ ಕ್ಲಚ್ಚನ್ನು ಪೂರ್ತಿ ಒತ್ತಿ ಹಿಡಿದಿರಲಿ, ಇನ್ನಿಬ್ಬರು ದೂಡಲಿ. ಕ್ಲಚ್ಚು ಬಿಡಿಸಿಕೊಂಡಿದ್ದರೆ ನ್ಯೂಟ್ರಲ್ಲಿನಷ್ಟೇ ಹಗುರವಾಗಿ ಉರುಳುತ್ತದೆ. ಗೋಡೆಯನ್ನು ದೂಡಿದಂತಾದರೆ ಪ್ಲೇಟ್ ಅಂಟಿಕೊಂಡಿರುವುದು ನಿಶ್ಚಯ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ಗೇರ್ ಬೀಳದ ಕಾರನ್ನು ಗೇರಿನಲ್ಲಿಟ್ಟೇ ಚಾಲೂ ಮಾಡೋಣವೆಂಬ ಆಲೋಚನೆ ಅನೇಕರಿಗೆ ಸಹಜವಾಗಿ ಬರುತ್ತದೆ. ಕ್ಲಚ್ ಒತ್ತಿದ್ದೇನೆ, ಕಾರು ಚಲಿಸದೆಂಬ ಧೈರ್ಯ ಬೇರೆ. ಆದರೆ ಅಂಟಿಕೊಂಡ ಕ್ಲಚ್ಚಿಗೆ ಪೆಡಲ್ ಒತ್ತಿದರೂ ಒಂದೇ, ಬಿಟ್ಟರೂ ಒಂದೇ. ಚಾವಿ ತಿರುಗಿಸಿದೊಡನೆ ಕಾರು ಮುಂದಕ್ಕೆ ಜಿಗಿಯುತ್ತದೆ. ಆಯುಧಪೂಜೆಯ ದಿನವನ್ನು ನೆನೆಸಿಕೊಳ್ಳಿ. ಶೆಡ್ಡಿನಿಂದ ಹೊರತೆಗೆಯಲಿರುವ ಕಾರಿನ ಮುಂದೆಯೇ ಹೂವಿನ ತಟ್ಟೆ ಹಿಡಿದ ಗೃಹಿಣಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿರುವ ಮಕ್ಕಳು. ತಿಂಗಳುಗಟ್ಟಲೆ ನಿಂತ ಕಾರನ್ನು ಚಾಲೂ ಮಾಡುವಾಗ ಮುಂದೆ, ಹಿಂದೆ ಒಬ್ಬರೂ ಇರಬಾರದು. ಲಿವರ್ ನ್ಯೂಟ್ರಲ್ಲಿನಲ್ಲಿದೆಯೆಂದು ಕೈಯಿಂದ ಅಲುಗಿಸಿ ನೋಡದೆ ಚಾವಿಗೆ ಕೈ ಹಾಕಬಾರದು. ಪೂಜೆಯನ್ನು ಎಂಜಿನ್ ಬಂದ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ ನಡೆಸಲು ಯಾವ ಶಾಸ್ತ್ರವೂ ಅಡ್ಡಿಯಾಗದು.

ಅಂಟಿದ ಪ್ಲೇಟನ್ನು ಬಿಡಿಸಲು ಸಾಧುವಾದ ಉಪಾಯವೊಂದಿದೆ. ಶೆಡ್ಡಿನ ಹೊರಗೆ, ಗಾಳಿಯಾಡುವ ಜಾಗದಲ್ಲಿ ಎಂಜಿನ್ನನ್ನು ನ್ಯೂಟ್ರಲ್ಲಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಚಾಲೂ ಇಟ್ಟು ಬಿಸಿಮಾಡಿ ಬಂದ್ ಮಾಡಬೇಕು. ಅನಂತರ ಕ್ಲಚ್ ಪೆಡಲನ್ನು ಪೂರ್ತಿ ಒತ್ತಿ, ಪೆಡಲಿಗೂ ಆಸನದ ಚೌಕಟ್ಟಿಗೂ ನಡುವೆ ಗಟ್ಟಿಯಾದ ಮರದ ತುಂಡೊಂದನ್ನು ಊರುಗೋಲಾಗಿ ಕೊಟ್ಟು ರಾತ್ರಿಯಿಡೀ ಬಿಡಬೇಕು. ತುಕ್ಕಿನ ಹಿಡಿತ ಹಗುರವಾಗಿದ್ದರೆ ಬೆಳಗಾಗುವಷ್ಟರಲ್ಲಿ ಪ್ಲೇಟ್ ತಾನಾಗಿ ಬಿಟ್ಟುಕೊಂಡಿರುತ್ತದೆ. ಬಿಡದಿದ್ದರೆ ಎರಡನೆಯ ಉಪಾಯ, ಅನುಭವಿ ಮೆಕ್ಯಾನಿಕ್ಕನದು. ಜನರಿಲ್ಲದ ಬಯಲಿನಲ್ಲಿ ಕಾರನ್ನು ಗೇರಿನಲ್ಲಿಯೇ ಚಾಲೂ ಮಾಡಿ, ಓಡುತ್ತಿರುವಾಗ ಕ್ಲಚ್ಚನ್ನು ಒತ್ತಿಯೇ ಹಿಡಿದು, ಎಕ್ಸಲರೇಟರನ್ನು ಒತ್ತಿ ಬಿಟ್ಟು ಮಾಡಿದರೆ ಆ ಜಗ್ಗಾಟಕ್ಕೆ ತುಕ್ಕಿನ ಕಟ್ಟು ಕಡಿಯುತ್ತದೆ. ಕಾರನ್ನು ನಿಲ್ಲಿಸಬೇಕಾದರೆ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಚಾವಿ ತಿರುಗಿಸುವುದೊಂದೇ ದಾರಿಯಾದುದರಿಂದ ಇದನ್ನು ಹೆದ್ದಾರಿಯಲ್ಲಾಗಲಿ, ಓಣಿಯಲ್ಲಾಗಲಿ, ಹೊಸಬರಾಗಲಿ ಪ್ರಯತ್ನಿಸಲೇಬಾರದು. ಚಕ್ರಗಳನ್ನು ಜಾಕಿನ ಮೇಲೆ ಎತ್ತಿ ಗೇರಿನಲ್ಲಿ ಓಡಿಸುವವರೂ ಇದ್ದಾರೆ. ಜಾಕ್ ಜಾರಿದರೆ ಏನಾದೀತೆಂದು ವಿವರಿಸಬೇಕಾಗಿಲ್ಲ. ಸಂದಿನಿಂದ ಸೀಮೆಎಣ್ಣೆ, ಡೀಸೆಲ್ ಸುರಿಯುವುದಂತೂ ಶುದ್ಧ ಅವಿವೇಕ. ತುಕ್ಕು ಬಿಟ್ಟರೂ ಎಣ್ಣೆ ಕುಡಿದ ಪ್ಲೇಟ್ ಮತ್ತೆಂದೂ ಹಿಡಿಯದು.

ಬಿಟ್ಟುಕೊಂಡ ಕ್ಲಚ್ಚು ಮೊದಲ ಕೆಲವು ಕಿಲೋಮೀಟರು ಸ್ವಲ್ಪ ನಡುಗುವುದು ಸಹಜ. ತುಕ್ಕು ಉಜ್ಜಿಹೋದ ಮೇಲೆ ಸರಿಯಾಗುತ್ತದೆ. ನಡುಕ ನಿಲ್ಲದಿದ್ದರೆ, ಅಥವಾ ಎಂಜಿನ್ ಕೂಗಿದರೂ ಕಾರಿನ ವೇಗ ಏರದಿದ್ದರೆ, ಪ್ಲೇಟಿನ ಪದರ ಕಿತ್ತುಬಂದಿದೆ, ಹೊಸದನ್ನು ಹಾಕಿಸಬೇಕು.

ಇಷ್ಟೆಲ್ಲ ತಾಪತ್ರಯವನ್ನು ತಪ್ಪಿಸುವುದು ಕಷ್ಟವೇನಲ್ಲ. ಊರಿನಲ್ಲಿರುವ ನಂಬಿಕೆಯ ಬಂಧುವೊಬ್ಬರಿಗೆ ಚಾವಿ ಕೊಟ್ಟು, ಹತ್ತು ಹದಿನೈದು ದಿನಕ್ಕೊಮ್ಮೆ ಕಾರನ್ನು ಹೊರತೆಗೆದು ಎರಡು ಮೈಲಿ ಓಡಿಸುವಂತೆ ಹೇಳಿದರೆ ಸಾಕು. ಬರಿದೆ ಚಾಲೂ ಮಾಡಿ ನಿಲ್ಲಿಸುವುದರಿಂದ ಬ್ಯಾಟರಿಗೂ ಪೂರ್ಣ ಪ್ರಯೋಜನವಿಲ್ಲ, ಕ್ಲಚ್ಚಿಗಂತೂ ಇಲ್ಲವೇ ಇಲ್ಲ. ಓಡಿಸಲು ಸಾಧ್ಯವಿಲ್ಲದಿದ್ದರೆ ಎಂಜಿನ್ ಚಾಲೂ ಇರುವಾಗ ಪೆಡಲನ್ನು ಇಪ್ಪತ್ತು ಬಾರಿಯಾದರೂ ಒತ್ತಿ ಬಿಡಲಿ. ಮುಚ್ಚಿದ ಶೆಡ್ಡಿನೊಳಗೆ ಮಾತ್ರ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಪ್ರಾಣಕ್ಕೇ ಎರವಾಗುತ್ತದೆ. ಮಳೆಗಾಲಕ್ಕೆ ಕಾರು ಕಟ್ಟುವ ದಿನ ಒಣ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ಒಳಭಾಗವನ್ನೆಲ್ಲ ಒಣಗಿಸಿ ತರಬೇಕು. ಹ್ಯಾಂಡ್ ಬ್ರೇಕ್ ಹಾಕದೆ ಚಕ್ರಗಳಿಗೆ ಕಲ್ಲು ಕೊಡಬೇಕು. ಕ್ಲಚ್ ಪೆಡಲಿಗೆ ಕೋಲು ಕೊಟ್ಟು ಮಳೆಗಾಲವೆಲ್ಲ ಒತ್ತಿಯೇ ಇಡುವ ಪದ್ಧತಿಯೂ ಕೆಲವೆಡೆ ಇದೆ. ಪ್ಲೇಟ್ ಅಂಟುವುದಿಲ್ಲವೆಂಬುದು ನಿಜವೇ. ಆದರೆ ಸ್ಪ್ರಿಂಗಿಗೂ, ಎಣ್ಣೆಯ ವ್ಯವಸ್ಥೆಯಿದ್ದರೆ ಸೀಲುಗಳಿಗೂ ನಾಲ್ಕು ತಿಂಗಳ ಒತ್ತಡ ಹಿತವಲ್ಲ. ನನ್ನ ಮತ ಓಡಿಸುವುದರ ಕಡೆಗೆ.

ಘಾಟಿಯಲ್ಲಿ, ಮರಳಿನಲ್ಲಿ

ಶಿವಮೊಗ್ಗ, ದಾವಣಗೆರೆ, ಹಾವೇರಿಗಳ ಕಡೆಯಿಂದ ಬರುವ ನಮ್ಮವರಿಗೆ ತುಕ್ಕಿಗಿಂತ ಬೆಂಕಿಯ ಭಯವೇ ಹೆಚ್ಚು. ಬಿದನೂರಿನಿಂದ ಬಸರೂರಿನ ಬಂದರಿಗೆ ಕೆಳದಿಯ ಅರಸರ ಕಾಲದಲ್ಲಿ ಸರಕು ಹೇರಿನೆತ್ತುಗಳ ಮೇಲೆ ಇಳಿಯುತ್ತಿದ್ದ ಸೀಮೆಯಿದು. ಇಂದು ಅದೇ ಸೀಮೆಯ ಹುಲಿಕಲ್ ಘಾಟಿಯಲ್ಲಿ, ಕೊಲ್ಲೂರಿನ ಮೇಲಿನ ನಾಗೋಡಿಯ ತಿರುವುಗಳಲ್ಲಿ ಕಾರುಗಳು ಸಾಲುಗಟ್ಟಿ ಏರುತ್ತವೆ. ಏಳು ಜನ ತುಂಬಿದ ಕಾರನ್ನು ಏರಿನಲ್ಲಿ ಬ್ರೇಕಿನಿಂದಲ್ಲದೆ ಅರ್ಧ ಕ್ಲಚ್ಚಿನಿಂದಲೇ ಹಿಡಿದು ನಿಲ್ಲಿಸುವ ಅಭ್ಯಾಸ ಅನೇಕರದು. ಆಗ ಪ್ಲೇಟ್ ಜಾರುತ್ತಾ ಕಾಯುತ್ತದೆ, ಸುಟ್ಟ ವಾಸನೆ ಕಾರಿನೊಳಗೆ ತುಂಬುತ್ತದೆ. ಅತಿಯಾಗಿ ಕಾದ ಪ್ಲೇಟು ಹಪ್ಪಳದಂತೆ ಸೊಟ್ಟಗಾದರೆ ಅದು ಫ್ಲೈವೀಲಿಗೆ ತಾಗುತ್ತಲೇ ಇದ್ದು ಗೇರ್ ಬೀಳುವುದಿಲ್ಲ. ಅಗಲವಾದ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ತಣಿಯಲು ಬಿಟ್ಟರೆ ಎಷ್ಟೋ ಬಾರಿ ಮತ್ತೆ ಬೀಳುತ್ತದೆ. ಆದರೆ ಊರು ಸೇರಿದ ಮೇಲೆ ಕ್ಲಚ್ಚನ್ನು ತೋರಿಸಲೇಬೇಕು. ತ್ರಾಸಿ, ಮರವಂತೆಗಳ ಮರಳಿಗೆ ಕಾರನ್ನು ಇಳಿಸುವವರದೂ ಇದೇ ಗತಿ. ಹೂತ ಚಕ್ರವನ್ನು ಎಕ್ಸಲರೇಟರಿನಿಂದ ಬಿಡಿಸುವ ಹಟದಲ್ಲಿ ಕ್ಲಚ್ ಸುಟ್ಟುಹೋಗುತ್ತದೆ, ಚಕ್ರ ಮತ್ತಷ್ಟು ಹೂಳುತ್ತದೆ.

ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ಲಿಗೆ ತರುವುದು ಅತ್ಯಂತ ಅಪಾಯಕರ. ವೇಗ ಏರಿದ ಮೇಲೆ ಕೆಳಗಿನ ಗೇರ್ ಬೀಳುವುದಿಲ್ಲ; ಆಗ ಉಳಿಯುವುದು ಬ್ರೇಕೊಂದೇ, ಅದೂ ಕಾದು ಸೋಲುತ್ತದೆ. ಏರುವಾಗ ಯಾವ ಗೇರು ಬೇಕಾಯಿತೋ ಇಳಿಯುವಾಗಲೂ ಅದೇ ಗೇರಿನಲ್ಲಿರಬೇಕು.

2010ರಲ್ಲಿ 17ರಿಂದ 66ಕ್ಕೆ ಸಂಖ್ಯೆ ಬದಲಾದ ಕರಾವಳಿಯ ಹೆದ್ದಾರಿಯಲ್ಲಿ ಕಾರು ನಿಂತುಬಿಟ್ಟರೆ ದೋಷ ಹುಡುಕುವ ಕೆಲಸ ಆಮೇಲಿನದು. ಎಚ್ಚರಿಕೆಯ ದೀಪ ಹಾಕಿ, ಜನರನ್ನೆಲ್ಲ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ, ಕಾರನ್ನು ಬದಿಗೆ ದೂಡಬೇಕು. ದೂಡಲಾಗದಿದ್ದರೆ ಮುಂದೆ ತೆರಪಿರುವುದನ್ನು ನೋಡಿಕೊಂಡು ಒಂದನೆಯ ಗೇರಿನಲ್ಲಿಟ್ಟು ಸ್ಟಾರ್ಟರ್ ತಿರುಗಿಸಿದರೆ ಬ್ಯಾಟರಿಯ ಬಲದಿಂದಲೇ ಕಾರು ಕೆಲವು ಅಡಿ ಸರಿಯುತ್ತದೆ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ಅಪಘಾತದಂಥ ತುರ್ತಿಗೆ 112.

ಕ್ಲಚ್ ಪೆಡಲೇ ಇಲ್ಲದ ಕಾರುಗಳ ವಿಷಯವನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಆಟೊಮ್ಯಾಟಿಕ್ ಕಾರಿನ ಲಿವರ್ ಪಾರ್ಕಿನಿಂದ ಹೊರಬರದಿದ್ದರೆ ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ದೀಪ ಹತ್ತುತ್ತದೆಯೇ ನೋಡಿ. ಹತ್ತದಿದ್ದರೆ ಬ್ರೇಕಿನ ಸ್ವಿಚ್ಚೋ ಫ್ಯೂಸೋ ಹೋಗಿದೆ. ಬ್ರೇಕ್ ಒತ್ತಿದ ಸುದ್ದಿ ತಲುಪದೆ ಲಿವರಿನ ಬೀಗ ತೆರೆಯುವುದಿಲ್ಲ. 2014ರಲ್ಲಿ ಮಾರುತಿ ಸೆಲೆರಿಯೊದೊಂದಿಗೆ ನಮ್ಮ ದೇಶದಲ್ಲಿ ಬಳಕೆಗೆ ಬಂದ ಎಎಂಟಿ ಕಾರುಗಳಲ್ಲಿ ಕ್ಲಚ್ಚನ್ನು ಒತ್ತುವ ಕೆಲಸವನ್ನು ಯಂತ್ರವೇ ಮಾಡುತ್ತದೆ. ಬ್ಯಾಟರಿ ಬಳಲಿದರೆ ಅದೂ ಮುಷ್ಕರ ಹೂಡುತ್ತದೆ. ಬ್ಯಾಟರಿ ಸರಿಯಿದ್ದೂ ಗೇರ್ ಬೀಳದಿದ್ದರೆ ಕಂಪ್ಯೂಟರ್ ಜೋಡಿಸಿ ನೋಡುವ ಕಾರ್ಯಾಗಾರಕ್ಕೇ ಹೋಗಬೇಕು.

ಗ್ಯಾರೇಜಿನ ಬಾಗಿಲಲ್ಲಿ

ಎಂಜಿನ್ ಬಂದ್ ಇರುವಾಗಲೂ ಗೇರ್ ಬೀಳದ ಕಾರನ್ನು ಗ್ಯಾರೇಜಿಗೇ ಒಯ್ಯಬೇಕಷ್ಟೆ. ಅಲ್ಲಿಯೂ ಮೊದಲು ನೋಡಬೇಕಾದುದು ಲಿವರಿನಿಂದ ಗೇರ್ ಬಾಕ್ಸಿಗೆ ಹೋಗುವ ಕೇಬಲ್ಲುಗಳನ್ನೂ ರಾಡುಗಳನ್ನೂ. ಅವುಗಳ ತುದಿಯ ಪ್ಲಾಸ್ಟಿಕ್ ಬುಷ್ ಒಡೆದರೆ ಲಿವರ್ ಪಾಯಸದ ಪಾತ್ರೆಯಲ್ಲಿಟ್ಟ ಸೌಟಿನಂತೆ ಎತ್ತ ಬೇಕಾದರತ್ತ ತಿರುಗುತ್ತದೆ. ಉಪ್ಪುಗಾಳಿಗೆ ಕೇಬಲ್ ಬಿಗಿದುಕೊಂಡರೆ ಎತ್ತಲೂ ತಿರುಗದು. ಎರಡೂ ಹೊರಗಿನಿಂದಲೇ ಸರಿಪಡಿಸುವ ಕೆಲಸಗಳು. ಗೇರ್ ಆಯಿಲ್ ಸೋರಿ ಮಟ್ಟ ಇಳಿದಿದೆಯೇ ಎಂಬುದನ್ನೂ ಬಿಚ್ಚುವ ಮುನ್ನವೇ ನೋಡಬಹುದು. ಇವೆಲ್ಲ ಸರಿಯಿದ್ದರೆ ಮಾತ್ರ ಬಾಕ್ಸನ್ನು ಬಿಚ್ಚುವ ಮಾತು.

ಮೆಕ್ಯಾನಿಕ್ಕನಿಗೆ "ಗೇರ್ ಬಾಕ್ಸ್ ಹೋಗಿದೆ, ನೋಡಿ" ಎನ್ನುವ ಬದಲು ತಾವು ಮನೆಯಲ್ಲಿ ಕಂಡುದನ್ನು ಹೇಳಿ: ಎಂಜಿನ್ ಬಂದ್ ಇದ್ದಾಗ ಬೀಳುತ್ತದೆ, ಚಾಲೂ ಇದ್ದಾಗ ಬೀಳುವುದಿಲ್ಲ, ಪೆಡಲ್ ಹಗುರವಾಗಿದೆ ಅಥವಾ ಬಿಗಿಯಾಗಿದೆ, ನಾಲ್ಕು ತಿಂಗಳು ನಿಂತಿತ್ತು. ತನ್ನ ಕಾಯಕವನ್ನು ಬಲ್ಲವನಿಗೆ ಇಷ್ಟು ಸಾಕು, ಅವನ ಅರ್ಧ ದಿನ ಉಳಿಯುತ್ತದೆ. ಬಲ್ಲವನಲ್ಲದವನಿಗೂ ಎದುರಿಗಿರುವವರು ವಿಷಯ ತಿಳಿದವರೆಂದು ಗೊತ್ತಾಗುತ್ತದೆ.

ಕ್ಲಚ್ ಬದಲಾಯಿಸಲು ಗೇರ್ ಬಾಕ್ಸನ್ನು ಇಳಿಸಲೇಬೇಕಾದುದರಿಂದ, ಕೂಲಿಯೇ ದೊಡ್ಡ ಖರ್ಚು. ಆದಕಾರಣ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೇ ಹಾಕಿಸುವುದು ಲೇಸು; ಬೇರಿಂಗಿನ ನಾಲ್ಕು ಕಾಸು ಉಳಿಸಲು ಹೋಗಿ ಆರು ತಿಂಗಳಲ್ಲಿ ಮತ್ತೆ ಬಾಕ್ಸ್ ಇಳಿಸಬೇಕಾದೀತು. ಫ್ಲೈವೀಲಿನ ಮುಖ ಸುಟ್ಟು ನೀಲಿಗಟ್ಟಿದೆಯೇ, ಗೆರೆ ಬಿದ್ದಿದೆಯೇ ಎಂದು ಆ ಹೊತ್ತಿನಲ್ಲೇ ನೋಡಿಸಬೇಕು. ಹಳೆಯ ಪ್ಲೇಟನ್ನು ಕೇಳಿ ಪಡೆದು ಕೈಯಲ್ಲಿ ಹಿಡಿದು ನೋಡಿ. ಅದರ ಮೇಲೆ ಎಣ್ಣೆಯ ಜಿಡ್ಡಿದ್ದರೆ ಎಂಜಿನ್ನಿನ ಇಲ್ಲವೆ ಗೇರ್ ಬಾಕ್ಸಿನ ಆಯಿಲ್ ಸೀಲ್ ಸೋರುತ್ತಿದೆ. ಸೀಲ್ ಬದಲಾಯಿಸದೆ ಬಾಕ್ಸನ್ನು ಮೇಲೇರಿಸಲು ಬಿಡಬೇಡಿ, ಹೊಸ ಪ್ಲೇಟೂ ಕೆಲವೇ ತಿಂಗಳಲ್ಲಿ ಅದೇ ಜಿಡ್ಡಿನಲ್ಲಿ ಅದ್ದಿರುತ್ತದೆ.